ಸಹಿ ತನ್ನಿ, ಇಲ್ಲವೇ ಡೆತ್ ಸರ್ಟಿಫಿಕೇಟ್ ತನ್ನಿ

ಪ್ರಶ್ನೆ: ನನಗೆ 72, ಹೆಂಡತಿಗೆ 68. ಮುಂಬಯಿಯ ಮುಲುಂಡಿನಲ್ಲಿ ಇಬ್ಬರ ಹೆಸರಿನಲ್ಲೂ ಒಂದು ಫ್ಲಾಟ್ ಇದೆ. ಮಗ ಪುಣೆಯಲ್ಲಿ, ಮಗಳು ಕೆನಡಾದಲ್ಲಿ. ಹೋದ ವರ್ಷ ನನ್ನ ಭಾವನಿಗೆ ಸ್ಟ್ರೋಕ್ ಆಗಿ 23 ದಿನ ಐಸಿಯುನಲ್ಲಿದ್ದರು. ಅವರ ಹೆಸರಿನಲ್ಲಿ ಎಫ್‌ಡಿ ಇತ್ತು, ಅಕ್ಕನೇ ನಾಮಿನಿ. ಆದರೂ ಬ್ಯಾಂಕಿನಲ್ಲಿ "ಒಂದೋ ಅವರ ಸಹಿ ತನ್ನಿ, ಇಲ್ಲವೇ ಡೆತ್ ಸರ್ಟಿಫಿಕೇಟ್ ತನ್ನಿ" ಎಂದರು. ಅಕ್ಕ ಬಳೆ ಅಡವಿಟ್ಟು ಬಿಲ್ಲು ಕಟ್ಟಿದಳು. ಈಗ ನನ್ನ ಹೆಂಡತಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ನ್ಯೂರಾಲಜಿಸ್ಟ್ ಹೇಳಿದ್ದಾರೆ. ನಾನು ಮಗನಿಗೆ ನನ್ನ ಪರವಾಗಿ ಸಹಿ ಹಾಕುವ ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನೆ, ಎಲ್ಲ ಕಡೆ ನಾಮಿನಿ ಹಾಕಿಸಿದ್ದೇನೆ, ವಿಲ್ ಕೂಡ ಇದೆ. ಇಷ್ಟು ಸಾಕೆ? ಹೆಂಡತಿಯಿಂದ ಈಗ ಏನಾದರೂ ಸಹಿ ಮಾಡಿಸಬಹುದೆ, ಅಥವಾ ಕೈ ಮೀರಿದೆಯೆ? ಚೇತರಿಕೆಯ ಆಸೆ ಇಲ್ಲದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್ ಮಾಡಿಸೋಣವೆಂದರೆ ಮಗಳು "ಅದು ಅಮ್ಮನನ್ನು ಸಾಯಿಸುವ ಕಾಗದ" ಎಂದು ಫೋನಿನಲ್ಲೇ ಅಳುತ್ತಾಳೆ.

ಉತ್ತರ: ಬ್ಯಾಂಕಿನವರು ನಿಮ್ಮ ಅಕ್ಕನಿಗೆ ಹೇಳಿದ ಮಾತು ಒರಟು, ಆದರೆ ಸುಳ್ಳಲ್ಲ. ನಮ್ಮ ಕಾನೂನಿಗೆ ಸಹಿ ಹಾಕಬಲ್ಲವರು ಗೊತ್ತು, ತೀರಿಕೊಂಡವರೂ ಗೊತ್ತು. ಉಸಿರಾಡುತ್ತ ಮಲಗಿರುವ, ಕೇಳಿದ್ದಕ್ಕೆ ಉತ್ತರ ಕೊಡಲಾಗದ ಮನುಷ್ಯ ಎದುರಾದರೆ ಅದು ತಡವರಿಸುತ್ತದೆ. ನೀವು ಮಾಡಿಸಿಟ್ಟ ಮೂರು ಕಾಗದಗಳಲ್ಲಿ ನಾಮಿನೇಶನ್ ಮತ್ತು ವಿಲ್ ನೀವು ಕಣ್ಣು ಮುಚ್ಚಿದ ಮೇಲೆ ಎದ್ದು ನಿಲ್ಲುವಂಥವು. ಪವರ್ ಆಫ್ ಅಟಾರ್ನಿ ನಿಮ್ಮ ಬುದ್ಧಿ ಮಂಕಾದ ದಿನವೇ ಮಲಗಿಬಿಡುವಂಥದ್ದು. ನಡುವಿನ ದಿನಗಳಿಗೆ ಸದ್ಯ ನಿಮ್ಮ ಕಪಾಟಿನಲ್ಲಿ ಏನೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ಫೈಲು ಹಿಡಿದು ಫೋರ್ಟಿನ ನನ್ನ ವಕೀಲಿ ಆಫೀಸಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರದು ಇದೇ ಕಥೆ.

ಪವರ್ ಆಫ್ ಅಟಾರ್ನಿಯ ಮಾತು ಕೇಳಿದವರೆಲ್ಲ ಬೆಚ್ಚುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ಸತ್ತರೆ ಅಥವಾ ಅವರ ಬುದ್ಧಿ ಸ್ತಿಮಿತ ತಪ್ಪಿದರೆ ಕೊಟ್ಟ ಅಧಿಕಾರವೂ ಮುಗಿಯಿತು. ಮಗ ಸಹಿ ಹಾಕುವಾಗ ಅವನ ಕೈಯ ಹಿಂದೆ ನಿಮ್ಮ ಮನಸ್ಸಿದೆ ಎಂಬ ನಂಬಿಕೆಯ ಮೇಲೆ ಆ ಕಾಗದ ನಿಂತಿರುತ್ತದೆ. ಆ ಮನಸ್ಸೇ ಮಂಜಾದರೆ ಅವನ ಸಹಿಗೆ ಬೇರಿಲ್ಲ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ, ನಿಮ್ಮ ಮಗಳಿರುವ ಕೆನಡಾದಲ್ಲಿ ಬುದ್ಧಿ ಹೋದ ಮೇಲೂ ಉಳಿಯುವ ಪವರ್ ಆಫ್ ಅಟಾರ್ನಿ ಎಂಬುದಿದೆ. ಅಲ್ಲಿನ ಫಾರ್ಮನ್ನು ಇಂಟರ್ನೆಟ್ಟಿನಿಂದ ಇಳಿಸಿ, "ನನಗೆ ಅರಿವು ತಪ್ಪಿದರೂ ಈ ಪತ್ರ ಊರ್ಜಿತ" ಎಂಬ ಸಾಲಿನ ಸಮೇತ ಇಲ್ಲಿ ನೋಟರಿ ಮಾಡಿಸಿಕೊಂಡು ಬರುವವರಿದ್ದಾರೆ. ನೋಟರಿಯ ಕೆಂಪು ಸೀಲು ಎಷ್ಟೇ ದೊಡ್ಡದಿರಲಿ, ಆ ಸಾಲಿಗೆ ಇಲ್ಲಿ ಬಲವಿಲ್ಲ.

ಹಾಗೆಂದು ಅದನ್ನು ಹರಿದು ಹಾಕಬೇಡಿ. ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋಗಿ ಬುದ್ಧಿ ಚುರುಕಾಗಿಯೇ ಇದ್ದರೆ, ಸೊಂಟ ಮುರಿದು ಮೂರು ತಿಂಗಳು ಮಂಚ ಹಿಡಿದರೆ ಅದು ಪೂರಾ ಕೆಲಸಕ್ಕೆ ಬರುತ್ತದೆ. ದೇಹ ಸೋತಾಗ ನಡೆಯುತ್ತದೆ, ಅರಿವು ಸೋತಾಗ ಇಲ್ಲ. ಅರಿವು ತಪ್ಪಿದೆ ಎಂದು ಗೊತ್ತಿದ್ದೂ ಮಗ ಅದನ್ನೇ ತೋರಿಸಿ ವ್ಯವಹಾರ ಮುಂದುವರಿಸಿದರೆ, ನಾಳೆ ಯಾರಾದರೂ ಪ್ರಶ್ನಿಸಿದಾಗ ಕಟಕಟೆಯಲ್ಲಿ ನಿಲ್ಲುವವನು ಅವನು.

ನಾಮಿನಿಯ ವಿಷಯಕ್ಕೆ ಹೆಚ್ಚು ಮಾತು ಬೇಡ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರನ್ನು ನಾಮಿನಿ ಮಾಡಬಹುದು. ನಾಲ್ವರಿದ್ದರೂ ಅಷ್ಟೇ, ಖಾತೆದಾರ ಜೀವಂತ ಇರುವಷ್ಟು ದಿನ ಅವರಲ್ಲಿ ಒಬ್ಬರಿಗೂ ನಯಾಪೈಸೆ ತೆಗೆಯುವ ಹಕ್ಕಿಲ್ಲ.

ಹಾಗಾದರೆ ಆಸ್ಪತ್ರೆಯ ಬಿಲ್ಲಿಗೆ ದುಡ್ಡು ಎಲ್ಲಿಂದ? ಇಲ್ಲಿ ದೊಡ್ಡ ಕಾನೂನಿಗಿಂತ ಬ್ಯಾಂಕಿನ ಫಾರ್ಮಿನ ಒಂದು ಸಣ್ಣ ಚೌಕ ಹೆಚ್ಚು ಕೆಲಸ ಮಾಡುತ್ತದೆ. ಜಂಟಿ ಖಾತೆ 'ಈದರ್ ಆರ್ ಸರ್ವೈವರ್' ಎಂದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಎರಡನೆಯವರು ಬರೀ ನೋಡುಗರು. ನೋಡಲು ಎರಡೂ ಜಂಟಿ ಖಾತೆಗಳೇ, ಪಾಸ್‌ಬುಕ್ಕಿನಲ್ಲಿ ಎರಡೂ ಹೆಸರು ಇರುತ್ತವೆ. ಪಾಸ್‌ಬುಕ್ ತೆಗೆದು ಇವತ್ತೇ ನೋಡಿ.

ಎಫ್‌ಡಿಯಲ್ಲಿ ಇನ್ನೊಂದು ಗುಂಡಿ ಇದೆ, ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದವರೂ ಇದರಲ್ಲಿ ಬಿದ್ದದ್ದನ್ನು ನೋಡಿದ್ದೇನೆ. 'ಈದರ್ ಆರ್ ಸರ್ವೈವರ್' ಇದ್ದರೂ ಆ ಸವಲತ್ತು ಅವಧಿ ಮುಗಿದ ಮೇಲಿನ ಪಾವತಿಗೆ. ಅವಧಿಗೆ ಮೊದಲೇ ಮುರಿಸಬೇಕಾದರೆ ಬ್ಯಾಂಕು ಇಬ್ಬರ ಸಹಿಯನ್ನೂ ಕೇಳಬಹುದು. ಐಸಿಯು ಬಿಲ್ಲು ಎಫ್‌ಡಿಯ ಅವಧಿ ಮುಗಿಯಲಿ ಎಂದು ಕಾಯುವುದಿಲ್ಲವಲ್ಲ. ಆದ್ದರಿಂದ ಪ್ರತಿ ಎಫ್‌ಡಿಗೂ "ಅವಧಿಗೆ ಮುನ್ನ ಮುರಿಸಲು ಇಬ್ಬರಲ್ಲಿ ಒಬ್ಬರ ಸಹಿ ಸಾಕು" ಎಂದು ಇಬ್ಬರೂ ಸೇರಿ ಈಗಲೇ ಬರೆದುಕೊಡಿ, ಶಾಖೆಯಿಂದ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಿಮ್ಮ ಹೆಂಡತಿ ಶಾಖೆಯವರೆಗೆ ನಡೆದುಬಂದು ಸಹಿ ಮಾಡಬಲ್ಲ ಈ ತಿಂಗಳಲ್ಲೇ ಮಾಡಿ.

ನಿಮ್ಮ ಮನೆಯಲ್ಲಿ ಇಬ್ಬರದೇ ಜಂಟಿ ಖಾತೆ ಸಾಲದು. ಅವರಿಗೆ ಮರೆವು, ನಿಮಗೆ 72. ಮಗನನ್ನು ಸೇರಿಸಿಕೊಂಡ ಖಾತೆಯೊಂದು ಬೇಕು. ಎಲ್ಲ ದುಡ್ಡನ್ನೂ ಅದಕ್ಕೆ ಸುರಿಯಬೇಡಿ, ಆರು ತಿಂಗಳ ಮನೆಖರ್ಚು ಮತ್ತು ಒಂದು ಆಸ್ಪತ್ರೆವಾಸಕ್ಕೆ ಸಾಕಾಗುವಷ್ಟಿರಲಿ. ಜಂಟಿ ಖಾತೆಯ ಅಪಾಯ ನಿಮಗೂ ಗೊತ್ತಿರಬೇಕು: ಮಗ ಮನಸ್ಸು ಮಾಡಿದರೆ ಪೂರ್ತಿ ತೆಗೆಯಬಹುದು, ಜಂಟಿಯವರಲ್ಲಿ ಒಬ್ಬರು ತಕರಾರು ಬರೆದುಕೊಟ್ಟರೆ ಖಾತೆ ನಿಂತೂ ಹೋಗಬಹುದು. ಕೆನಡಾದ ಮಗಳಿಗೆ ಈ ಖಾತೆಯ ವಿಷಯ ಮೊದಲೇ ತಿಳಿಸಿ, ಆಮೇಲೆ ಬೇರೆಯವರಿಂದ ಗೊತ್ತಾಗುವುದು ಬೇಡ. ನಿಮ್ಮ ಹೆಂಡತಿಯ ಮೊಬೈಲಿಗೆ ಓಟಿಪಿ ಬರುವ ಖಾತೆಗಳಲ್ಲಿ ದೊಡ್ಡ ಮೊತ್ತ ಬಿಡಬೇಡಿ. ಮರೆವಿನವರನ್ನು ಹುಡುಕಿ ಫೋನ್ ಮಾಡುವ ವಂಚಕರಿಗೇನೂ ಬರವಿಲ್ಲ.

ಕೈ ನಡುಗುವವರಿಗೆ, ಹಾಸಿಗೆ ಹಿಡಿದವರಿಗೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿ ಇದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ, ಎದುರಿಗಿದ್ದರೆ ಹೆಬ್ಬೆಟ್ಟು ನಡೆಯುತ್ತದೆ. ಕೈ ಬೆರಳಾಗದಿದ್ದರೆ ಕಾಲ್ಬೆರಳಿನ ಗುರುತು, ಅದೂ ಆಗದಿದ್ದರೆ ಬರೀ ಒಂದು ಗೀಟು. ಕೌಂಟರಿನಲ್ಲಿ "ಆಗಲ್ಲ" ಎಂದರೆ ಈ ನಿಯಮವನ್ನು ಉಲ್ಲೇಖಿಸಿ ಲಿಖಿತವಾಗಿ ಕೇಳಿ. ಎಷ್ಟೋ ಸಲ ಅರ್ಜಿ ಕೊಟ್ಟ ಮಾರನೆಯ ದಿನವೇ ಆಫೀಸರರು ಮನೆಗೆ ಬಂದಿದ್ದಾರೆ. ಆದರೆ ಇದೆಲ್ಲ ಮಾಡುವುದು ಏನೆಂದು ತಿಳಿದು ಒಪ್ಪುವವರಿಗೆ ಮಾತ್ರ. ಕೋಮಾದಲ್ಲಿರುವವರ ಬೆರಳಿಗೆ ಇಂಕು ಹಚ್ಚಿ ಒತ್ತಿಸುವುದನ್ನು ನಮ್ಮ ಜನ ಸಂಕಟದಲ್ಲಿ ಮಾಡುತ್ತಾರೆ, ಎಟಿಎಂ ಕಾರ್ಡನ್ನು ಮನೆಯವರು ಬಳಸುವುದಂತೂ ಮನೆಮನೆಯ ಸಂಗತಿ. ಎಲ್ಲರೂ ಒಂದಾಗಿರುವಾಗ ಯಾರೂ ಕೇಳುವುದಿಲ್ಲ. ಪಾಲಿನ ಜಗಳ ಹುಟ್ಟಿದ ದಿನ ಆ ಹೆಬ್ಬೆಟ್ಟು ಫೋರ್ಜರಿಯಾಗುತ್ತದೆ.

ಇನ್ನು ನಿಮ್ಮ ಹೆಂಡತಿಯ ಪ್ರಶ್ನೆ. ಕೈ ಮೀರಿಲ್ಲ. ನ್ಯೂರಾಲಜಿಸ್ಟರ ಚೀಟಿಯಲ್ಲಿ 'ಡಿಮೆನ್ಶಿಯಾ' ಎಂಬ ಪದ ಬಂದಾಕ್ಷಣ ಯಾರ ಸಹಿಯೂ ರದ್ದಾಗುವುದಿಲ್ಲ. ಕರಾರು ಕಾಯ್ದೆಯ 12ನೇ ಕಲಂ ಕೇಳುವುದು ಒಂದೇ: ಸಹಿ ಹಾಕುವ ಹೊತ್ತಿನಲ್ಲಿ ಆ ಕಾಗದ ಏನೆಂದು ಅರ್ಥವಾಗಿತ್ತೆ, ತನಗೆ ಅದರಿಂದ ಒಳಿತೋ ಕೆಡುಕೋ ಎಂದು ತೂಗುವ ಶಕ್ತಿ ಇತ್ತೆ? ವಿಲ್ಲಿನ ವಿಷಯದಲ್ಲೂ ಹೆಚ್ಚುಕಡಿಮೆ ಇದೇ ಅಳತೆ.

ಆ ಅಳತೆ ಮಾಡುವುದು ಹೇಗೆ ಎಂಬಲ್ಲಿ ಮುಂಬಯಿ ಕನ್ನಡಿಗರಿಗೆ ಒಂದು ವಿಶೇಷ ತೊಡಕಿದೆ. ಚೆಂಬೂರಿನ ಒಬ್ಬ ಹಿರಿಯ ಹೆಂಗಸಿನ ವಿಲ್ಲಿಗಾಗಿ ಡಾಕ್ಟರನ್ನು ಕರೆದುಕೊಂಡು ಮನೆಗೆ ಹೋಗಿದ್ದೆ. ಒಳ್ಳೆಯ ಡಾಕ್ಟರು, ಸಮಾಧಾನದಿಂದ ಹಿಂದಿಯಲ್ಲಿ ಕೇಳಿದರು: ಇವತ್ತು ಯಾವ ವಾರ, ಈಗಿನ ಪ್ರಧಾನಿ ಯಾರು, ನೂರರಿಂದ ಏಳು ಕಳೆಯಿರಿ. ಅಮ್ಮ ಸೆರಗಿನ ಅಂಚು ಸುತ್ತುತ್ತ ಕೂತರು, ಒಂದಕ್ಕೂ ಉತ್ತರವಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನಾನು ಸುಮ್ಮನೆ ಕನ್ನಡದಲ್ಲಿ, "ಅಮ್ಮಾ, ಈ ಮನೆಗೆ ಮೇಂಟೆನೆನ್ಸ್ ಎಷ್ಟು ಕಟ್ತೀರಿ?" ಎಂದೆ. "ಮೂರು ಸಾವಿರದ ಆರ್ನೂರು. ಅದ್ರಲ್ಲಿ ಪಾರ್ಕಿಂಗ್ ಬೇರೆ ಹಾಕಿದಾರೆ. ನಮ್ಮತ್ರ ಗಾಡಿನೇ ಇಲ್ಲ, ಯಾಕೆ ಕಟ್ಬೇಕು?" ಮನೆ ಯಾರಿಗೆ ಕೊಡುತ್ತೀರಿ ಎಂದು ಕೇಳಿದ್ದಕ್ಕೆ ಹೆಸರು ಹೇಳಿದರು, ಯಾಕೆ ಎಂದದ್ದಕ್ಕೆ ಕಾರಣ ಹೇಳಿದರು, ಇನ್ನೊಬ್ಬ ಮಗನಿಗೆ ಯಾಕಿಲ್ಲ ಎಂದದ್ದಕ್ಕೆ ಇನ್ನೂ ಉದ್ದವಾಗಿ ಹೇಳಿದರು. ಮುಚ್ಚಳ ಮತ್ತೆ ತೆಗೆಯಿತು.

ಮರೆವು ಶುರುವಾದವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು, ತಾಯ್ನುಡಿ ಹೆಚ್ಚು ಕಾಲ ನಿಲ್ಲುತ್ತದೆ. ಆದ್ದರಿಂದ ಪರೀಕ್ಷೆ ಕನ್ನಡದಲ್ಲಿ, ಮನೆಯಲ್ಲಿ ತುಳುವೋ ಕುಂದಗನ್ನಡವೋ ಇದ್ದರೆ ಅದರಲ್ಲೇ ಆಗಲಿ. ಬೆಳಗಿನ ಹೊತ್ತು, ತಿಂಡಿ ಆದ ಮೇಲೆ ಒಳ್ಳೆಯದು, ಸಂಜೆಯಾದಂತೆ ಗೊಂದಲ ಹೆಚ್ಚುತ್ತದೆ. ಡಾಕ್ಟರರ ಸರ್ಟಿಫಿಕೇಟ್ ಸಹಿಯ ದಿನದ್ದೇ ಇರಲಿ, ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ ಅದರಲ್ಲಿ ಇರಲಿ. ಮೊಬೈಲಿನಲ್ಲಿ ವಿಡಿಯೊ ಮಾಡಿ, ಆದರೆ ಲಾಭ ಪಡೆಯುವ ಮಗ ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಡುವಂತೆ ಕಾಣಬಾರದು. ಅಂಥ ವಿಡಿಯೊ ನಮಗೇ ತಿರುಗಿ ಬೀಳುತ್ತದೆ.

ಫ್ಲಾಟಿನ ವಿಷಯದಲ್ಲಿ ಯಾರೋ ನಿಮಗೆ ಸಲಹೆ ಕೊಟ್ಟೇ ಕೊಡುತ್ತಾರೆ: ಹೆಂಡತಿಯ ಅರ್ಧ ಪಾಲನ್ನು ಮಗನಿಗೆ ಗಿಫ್ಟ್ ಡೀಡ್ ಮಾಡಿಸಿಬಿಡಿ, ಮಹಾರಾಷ್ಟ್ರದಲ್ಲಿ ಗಂಡ, ಹೆಂಡತಿ, ಮಕ್ಕಳಿಗೆ ವಾಸದ ಮನೆ ಕೊಟ್ಟರೆ ಸ್ಟಾಂಪ್ ಡ್ಯೂಟಿ ಬರೀ 200 ರೂಪಾಯಿ. ಸ್ಥಳೀಯ ಸರ್ಚಾರ್ಜ್ ಬೇರೆ ಇದ್ದರೂ ಅಗ್ಗವೇ ನಿಜ. ಅಗ್ಗವೆಂಬುದೇ ನನಗೆ ಅಳುಕು. ಒಮ್ಮೆ ಕೊಟ್ಟದ್ದು ಕೊಟ್ಟದ್ದೇ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂನಲ್ಲಿ ಗಿಫ್ಟ್ ರದ್ದು ಮಾಡಿಸುವ ದಾರಿ ಇದೆ, ಆದರೆ "ನೋಡಿಕೊಳ್ಳಬೇಕು" ಎಂಬ ಷರತ್ತು ಪತ್ರದಲ್ಲಿ ಬರೆದಿಲ್ಲದಿದ್ದರೆ ಆ ದಾರಿ ಏರುದಾರಿ. ನಿಮ್ಮ ಮಗ ಕೆಟ್ಟವನೆಂದಲ್ಲ. ಅವನ ವ್ಯಾಪಾರ ಮುಳುಗಬಹುದು, ಸಂಸಾರ ಒಡೆಯಬಹುದು, ಅವನಿಗೇ ಏನಾದರೂ ಆಗಬಹುದು. ಈ ಒಂದು ಕಾರಣಕ್ಕಾಗಿ ಮನೆ ಬರೆದುಕೊಡಬೇಡಿ, ಮನೆ ಇದ್ದಲ್ಲೇ ಇರಲಿ. ಖಾಸಗಿ ಟ್ರಸ್ಟ್ ಎಂಬುದೂ ಒಂದಿದೆ, ಜೀವನಪೂರ್ತಿ ಆರೈಕೆ ಬೇಕಾದ ಮಗುವಿರುವ ಮನೆಗೆ ಅದು ಸರಿ. ಒಂದು ಫ್ಲಾಟಿನ ಸಂಸಾರಕ್ಕೆ ಅದರ ಖರ್ಚು ಮತ್ತು ಲೆಕ್ಕಪತ್ರದ ರಗಳೆ ಹೆಚ್ಚಾಯಿತು.

ಮುಂದೆ ಅವರ ಅರಿವು ಪೂರ್ತಿ ಹೋಗಿ, ಚಿಕಿತ್ಸೆಗಾಗಿ ಮನೆ ಮಾರಲೇಬೇಕಾದರೆ? ಆಗ ಉಳಿಯುವುದು ಹೈಕೋರ್ಟ್. ಅಚ್ಚರಿಯೆನಿಸಬಹುದು, ಕೋಮಾದಲ್ಲಿರುವ ವಯಸ್ಕರಿಗೆ ಗಾರ್ಡಿಯನ್ ನೇಮಿಸಲು ನಮ್ಮಲ್ಲಿ ನೇರವಾದ ಕಾನೂನೇ ಇಲ್ಲ. 1890ರ ಗಾರ್ಡಿಯನ್ಸ್ ಕಾಯ್ದೆ ಅಪ್ರಾಪ್ತರಿಗೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಕೆಲವು ಸ್ಥಿತಿಗಳಿಗೆ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ಜಿಲ್ಲಾ ನ್ಯಾಯಾಲಯ ವ್ಯವಸ್ಥೆ ಮಾಡಬಹುದಿತ್ತು, 2017ರ ಹೊಸ ಕಾಯ್ದೆ ಬಂದಾಗ ಆ ಅಧ್ಯಾಯ ಬಿದ್ದುಹೋಯಿತು. ಈ ತೂತನ್ನು ಹೈಕೋರ್ಟುಗಳು ಸಂವಿಧಾನದ 226ನೇ ವಿಧಿಯಡಿ ಮುಚ್ಚುತ್ತಿವೆ. 2019ರಲ್ಲಿ ಕೇರಳ ಹೈಕೋರ್ಟ್ ಮಾರ್ಗಸೂಚಿ ಹಾಕಿಕೊಟ್ಟಿತು, 2020ರಲ್ಲಿ ಬಾಂಬೆ ಹೈಕೋರ್ಟ್ ಕೋಮಾದಲ್ಲಿದ್ದ ಗಂಡನಿಗೆ ಹೆಂಡತಿಯನ್ನೇ ಗಾರ್ಡಿಯನ್ ಮಾಡಿತು. ವೈದ್ಯಕೀಯ ವರದಿ, ಆಸ್ತಿ ಪಟ್ಟಿ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್, ಆಮೇಲೆ ಕೋರ್ಟಿಗೆ ಲೆಕ್ಕ ಒಪ್ಪಿಸುವುದು, ಇಷ್ಟೆಲ್ಲ ಇರುತ್ತದೆ. ಮಕ್ಕಳಿಬ್ಬರೂ ಒಪ್ಪಿದರೆ ಕೆಲಸ ಸಲೀಸು, ಒಬ್ಬರು ಮುಖ ತಿರುಗಿಸಿದರೆ ಕಾಲ ಹಿಡಿಯುತ್ತದೆ. ಆ ಬಾಗಿಲು ತಟ್ಟುವವರೆಗಿನ ದಿನಗಳಿಗೇ ನಾನು ಆ ಆರು ತಿಂಗಳ ಖಾತೆ ಹೇಳಿದ್ದು.

ಈಗ ನಿಮ್ಮ ಮಗಳ ಅಳು. ಅವಳಿಗೆ ಅರುಣಾ ಶಾನಭಾಗರ ಹೆಸರು ನೆನಪು ಮಾಡಿಕೊಡಿ. ಹೊನ್ನಾವರ ಹತ್ತಿರದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರಿನಲ್ಲಿ ಅಲ್ಲೇ ನಡೆದ ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದವರು ಬಿಡುಗಡೆ ಕೊಡಿ ಎಂದರು, ನಾಲ್ಕು ದಶಕ ಮಗುವಿನಂತೆ ನೋಡಿಕೊಂಡ ಕೆಇಎಂ ನರ್ಸುಗಳು ಕೂಡದು ಎಂದರು. ಎರಡೂ ಕಡೆ ಇದ್ದದ್ದು ಪ್ರೀತಿಯೇ. ಸ್ವತಃ ಅರುಣಾಗೆ ಏನು ಬೇಕಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. 25ರ ಪ್ರಾಯದಲ್ಲಿ ಅದನ್ನೆಲ್ಲ ಯಾರು ಬರೆದಿಡುತ್ತಾರೆ? 2011ರ ಆ ತೀರ್ಪಿನಲ್ಲಿ ಕೋರ್ಟು ಅವರ ವಿಷಯದಲ್ಲಿ ನರ್ಸುಗಳ ಮಾತನ್ನೇ ಉಳಿಸಿತು, ಆದರೆ ಚಿಕಿತ್ಸೆ ಹಿಂತೆಗೆಯುವ ವಿಚಾರಕ್ಕೆ ದೇಶದಲ್ಲಿ ಮೊದಲ ಬಾಗಿಲು ತೆರೆಯಿತು.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಲಿವಿಂಗ್ ವಿಲ್ಲಿಗೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ನಿಯಮವಿತ್ತು, ಆ ತಾಪತ್ರಯಕ್ಕೆ ಹೆಚ್ಚಿನವರು ಅತ್ತ ತಲೆ ಹಾಕಲಿಲ್ಲ. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಡಾಕ್ಟರು ಅರ್ಧದಲ್ಲಿ ಕೈಬಿಡುತ್ತಾರೆ ಎಂಬ ಭಯಕ್ಕೆ ಉತ್ತರ ಆ ಪ್ರಕ್ರಿಯೆಯಲ್ಲೇ ಇದೆ. ಸಹಿ ಹಾಕಿದವರಿಗೆ ತಾವೇ ನಿರ್ಧರಿಸುವ ಶಕ್ತಿ ಇರುವವರೆಗೆ ಆ ಕಾಗದವನ್ನು ಯಾರೂ ತೆರೆಯುವುದಿಲ್ಲ. ನಾಳೆ ಅವರಿಗೆ ನ್ಯುಮೋನಿಯಾ ಬಂದು ನಾಲ್ಕು ದಿನ ವೆಂಟಿಲೇಟರ್ ಹಾಕಿದರೆ ಗುಣವಾಗುತ್ತದೆ ಎಂದಿದ್ದರೆ ಅದನ್ನು ತಡೆಯುವ ಕಾಗದ ಇದಲ್ಲ. ಚೇತರಿಕೆಯ ಆಸೆಯಿಲ್ಲದ ಸ್ಥಿತಿ ಬಂದಾಗ ಆಸ್ಪತ್ರೆಯ ಮೊದಲ ಮಂಡಳಿ ನೋಡಬೇಕು: ಚಿಕಿತ್ಸೆ ಕೊಡುವ ಡಾಕ್ಟರು, ಜೊತೆಗೆ ಕನಿಷ್ಠ ಐದು ವರ್ಷದ ಅನುಭವದ ಇಬ್ಬರು ತಜ್ಞರು. ಆಮೇಲೆ ಎರಡನೆಯ ಮಂಡಳಿ, ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಸೂಚಿಸಿದವರೊಬ್ಬರು ಇರಬೇಕು. ಕಾಗದದಲ್ಲಿ ಹೆಸರಿಸಿದ ಮನೆಯವರ ಒಪ್ಪಿಗೆ ಬೇಕು. ಜಾರಿ ಮಾಡುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧ. ಇಷ್ಟು ಬಾಗಿಲು ದಾಟಬೇಕಾದ ಕಾಗದಕ್ಕೆ ಆತುರ ಎಲ್ಲಿಂದ ಬರಬೇಕು?

ನನ್ನ ಮಟ್ಟಿಗೆ ಅದರ ದೊಡ್ಡ ಉಪಯೋಗ ಬೇರೆ. ರೋಗಿಗೆ ಮಾತು ನಿಂತಾಗ ಹೆಂಡತಿಯ ಮಾತು ಮೇಲೋ, ಮಗನದೋ, ಅಣ್ಣನದೋ ಎಂಬ ಸರದಿಯನ್ನು ಕಾನೂನು ಎಲ್ಲೂ ಸ್ಪಷ್ಟವಾಗಿ ಬರೆದಿಲ್ಲ. ನನ್ನ ತಂದೆಯ ಕೊನೆಯ ವಾರದಲ್ಲಿ ಐಸಿಯು ಹೊರಗಿನ ಸ್ಟೀಲ್ ಬೆಂಚಿನ ಮೇಲೆ ನಾವು ಅಣ್ಣತಮ್ಮಂದಿರು ಡಯಾಲಿಸಿಸ್ ಬೇಕೋ ಬೇಡವೋ ಎಂದು ರಾತ್ರಿ ಎರಡರವರೆಗೆ ಪಿಸುದನಿಯಲ್ಲಿ ಜಗಳವಾಡಿದ್ದೇವೆ. ವಕೀಲ ಎಂದು ಫಾರ್ಮನ್ನು ನನ್ನ ಕೈಗೆ ಕೊಟ್ಟರು. ತಂದೆಗೆ ಏನು ಬೇಕಿತ್ತೆಂದು ಆ ವಕೀಲನಿಗೂ ಗೊತ್ತಿರಲಿಲ್ಲ. ಲಿವಿಂಗ್ ವಿಲ್ಲಿನಲ್ಲಿ ಯಾರ ಮಾತು ಕೇಳಬೇಕೆಂದು ಒಬ್ಬರ ಅಥವಾ ಹೆಚ್ಚು ಜನರ ಹೆಸರು ಬರೆಯಬಹುದು. ಮಗ, ಮಗಳು ಇಬ್ಬರನ್ನೂ ಹಾಕಿ, ಕೆನಡಾದವಳನ್ನು ಹೊರಗಿಡಬೇಡಿ.

ಬರೆಯುವಾಗ "ನನಗೆ ಹಿಂಸೆ ಕೊಡಬೇಡಿ" ಎಂಬಂಥ ಮಾತು ಸಾಲದು. ಅಸ್ಪಷ್ಟವಾದ ಪತ್ರವನ್ನು ಮಂಡಳಿ ಜಾರಿ ಮಾಡಬಾರದು ಎಂದು ಕೋರ್ಟೇ ಹೇಳಿದೆ. ವೆಂಟಿಲೇಟರ್, ಎದೆ ಒತ್ತಿ ಹೃದಯ ನಡೆಸುವುದು, ಡಯಾಲಿಸಿಸ್, ಮೂಗಿನಿಂದ ಇಳಿಸುವ ರೈಲ್ಸ್ ಟ್ಯೂಬ್, ಒಂದೊಂದನ್ನೂ ಹೆಸರಿಸಿ ಯಾವ ಸ್ಥಿತಿಯಲ್ಲಿ ಬೇಕು, ಯಾವಾಗ ಬೇಡ ಎಂದು ಬರೆಯಿರಿ. ಮರೆವಿನ ಕಾಯಿಲೆಯಲ್ಲಿ ಕೊನೆಕೊನೆಗೆ ನುಂಗುವುದು ನಿಲ್ಲುತ್ತದೆ, ಆದ್ದರಿಂದ ಆ ಟ್ಯೂಬಿನ ಪ್ರಶ್ನೆ ನಿಮ್ಮ ಮನೆಗೆ ಬರುವ ಸಾಧ್ಯತೆ ಹೆಚ್ಚು. ನೋವಿಗೆ ಔಷಧ, ಬಾಯಿ ಒದ್ದೆ ಮಾಡುವುದು, ಮೈ ಒರೆಸುವುದು ಯಾವತ್ತೂ ಬೇಕು ಎಂದೂ ಸೇರಿಸಿ. ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಇಂಗ್ಲಿಷ್ ಇಡಿ. ಸಹಿ ಹಾಕುವವರಿಗೂ ತಿಳಿಯಬೇಕು, ರಾತ್ರಿಪಾಳಿಯ ಡಾಕ್ಟರಿಗೂ ತಿಳಿಯಬೇಕು.

ಒಂದು ಪ್ರತಿ ಪಾಲಿಕೆಗೆ ಹೋಗಬೇಕು. ಇದನ್ನು ಇಟ್ಟುಕೊಳ್ಳುವ ಅಧಿಕಾರಿಯೇ ಇಲ್ಲವೆಂದು ಮುಂಬಯಿಯ ಸ್ತ್ರೀರೋಗ ತಜ್ಞ ಡಾ. ನಿಖಿಲ್ ದಾತಾರ್ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ವ್ಯವಸ್ಥೆ ಆಯಿತು. ಈಗ ವಾರ್ಡ್ ಕಚೇರಿಯ ಆರೋಗ್ಯ ವೈದ್ಯಾಧಿಕಾರಿಯೇ ಅದರ ಪಾಲಕರು, ನಿಮಗೆ ಮುಲುಂಡಿನ ಟಿ ವಾರ್ಡ್. ಗೋವಾದಲ್ಲಿ 2024ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಂ. ಎಸ್. ಸೋನಕ್ ತಮ್ಮ ಲಿವಿಂಗ್ ವಿಲ್ಲನ್ನು ತಾವೇ ಮೊದಲು ಮಾಡಿ ತೋರಿಸಿದರು. ಮುಂದೆ ನೀವು ಊರಿಗೆ ಹೋಗಿ ನೆಲೆಸಿದರೂ ಪತ್ರ ನಡೆಯುತ್ತದೆ, ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಆದೇಶ ಹೊರಡಿಸಿದೆ. ಇನ್ನೊಂದು ಪ್ರತಿ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ, ಫೋಟೊ ಮಕ್ಕಳ ಮೊಬೈಲಿಗೆ. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ, ಅದನ್ನು ತೆಗೆಯಲೂ ಸಹಿ ಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು.

ಮರೆವು ಮುಂದೆ ಸಿಟ್ಟು, ಅನುಮಾನ, ಅಲೆದಾಟಕ್ಕೆ ತಿರುಗಿ ಮನೋವೈದ್ಯರ ಚಿಕಿತ್ಸೆ ಬೇಕಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಬೇರೆಯದೇ ಮುಂಗಡ ಸೂಚನೆ ಮತ್ತು 'ನಾಮನಿರ್ದೇಶಿತ ಪ್ರತಿನಿಧಿ'ಯ ಪತ್ರ ಇದೆ. ಅದು ಐಸಿಯುಗೆ ಅನ್ವಯಿಸದು, ಲಿವಿಂಗ್ ವಿಲ್ ಮನೋಚಿಕಿತ್ಸೆಗೆ ಅನ್ವಯಿಸದು. ಸಹಿಯ ದಿನ ಎರಡನ್ನೂ ಒಟ್ಟಿಗೆ ಮುಗಿಸಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಬ್ಯಾಂಕಿನವರ ಮಾತಿದೆ, ನ್ಯೂರಾಲಜಿಸ್ಟರ ಮಾತಿದೆ, ಮಗಳ ಮಾತಿದೆ. ನಿಮ್ಮ ಹೆಂಡತಿ ಏನೆಂದರು ಎಂಬುದು ಮಾತ್ರ ಇಲ್ಲ. ಬಹುಶಃ ಅವರಿಗೆ ನೋವಾಗುತ್ತದೆಂದು ನೀವು ಕೇಳಿಲ್ಲ. ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿ, ಐಸಿಯುನಲ್ಲಿದ್ದ ನಿಮ್ಮ ಭಾವನ ಮಾತಿನಿಂದಲೇ ಶುರು ಮಾಡಬಹುದು. ಅವರು ಹೇಳಿದ್ದನ್ನು ತಿದ್ದದೆ, ಅವರದೇ ಮಾತಿನಲ್ಲಿ ಬರೆದು ತನ್ನಿ. ಜೊತೆಗೆ ಪಾಸ್‌ಬುಕ್ಕು ಮತ್ತು ಎಫ್‌ಡಿ ರಸೀದಿಗಳ ಝೆರಾಕ್ಸ್ ಇರಲಿ. ಕರಡು ಅಲ್ಲಿಂದ ಶುರು ಮಾಡೋಣ.